ಗ್ರೇಟ್‌ಫುಲ್ ಡೆಡ್ ಬ್ಯಾಂಡಿನ ಅಪರೂಪದ ಟೇಪುಗಳನ್ನು ಹುಡುಕುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಗ್ರೇಟ್‌ಫುಲ್ ಡೆಡ್ ಅನ್ನುವ ಅಮೆರಿಕದ ರಾಕ್ ಬ್ಯಾಂಡನ್ನು ಸ್ಟುಡಿಯೋ ಆಲ್ಬಮ್ಮುಗಳಿಂದ ಕೇಳಲು ಶುರು ಮಾಡಿದವರಿಗೆ ಒಂದು ಅನುಮಾನ ಬಂದೇ ಬರುತ್ತದೆ. ಇದಕ್ಕಾ ಜನ ಇಷ್ಟೊಂದು ಮರುಳಾಗಿದ್ದು? ನನಗೂ ಹಾಗೇ ಅನಿಸಿತ್ತು. ಉತ್ತರ ಸಿಕ್ಕಿದ್ದು ಸಭೆಯ ಮಧ್ಯೆ ಯಾರೋ ಅಭಿಮಾನಿ ಮೈಕು ನಿಲ್ಲಿಸಿ ಮಾಡಿಕೊಂಡ ಒಂದು ಹಳೇ ಟೇಪಿನಲ್ಲಿ.

ಈ ಬ್ಯಾಂಡು 1965ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿತು. ಕೊನೆಯ ಶೋ ನಡೆದದ್ದು 1995ರ ಜುಲೈ 9ರಂದು, ಶಿಕಾಗೋದಲ್ಲಿ. ಸರಿಯಾಗಿ ಒಂದು ತಿಂಗಳ ನಂತರ ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ ತೀರಿಕೊಂಡರು. ಮಧ್ಯದ 30 ವರ್ಷದಲ್ಲಿ ಸುಮಾರು 2,300 ಶೋಗಳು. ಇವತ್ತು ನುಡಿಸಿದ ಪಟ್ಟಿ ನಾಳೆ ಇರುತ್ತಿರಲಿಲ್ಲ. ಒಂದೇ ಹಾಡು ಒಂದು ರಾತ್ರಿ 10 ನಿಮಿಷ, ಇನ್ನೊಂದು ರಾತ್ರಿ 30 ನಿಮಿಷ. ಕರ್ನಾಟಕ ಸಂಗೀತ ಕೇಳುವವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಒಬ್ಬರೇ ವಿದ್ವಾಂಸರ ತೋಡಿ ಎರಡು ಕಛೇರಿಯಲ್ಲಿ ಒಂದೇ ಥರ ಇರುತ್ತದೆಯೇ? ಹಾಗಾಗಿ ಇಲ್ಲಿ ಪ್ರತಿ ರಾತ್ರಿಯ ಟೇಪೂ ಬೇರೆಯದೇ ಒಂದು ಕೃತಿ.

ಹೆಚ್ಚಿನ ರಾತ್ರಿಗಳ ಟೇಪು ಉಳಿದಿದೆ. ಅದರಲ್ಲಿ ಬಹುಪಾಲನ್ನು ಬಿಡಿಗಾಸಿಲ್ಲದೆ ಕೇಳಬಹುದು. ತೊಂದರೆ ಇರುವುದು ರಾಶಿಯಲ್ಲಿ. ಒಂದೇ ರಾತ್ರಿಗೆ ಹತ್ತು ಪ್ರತಿ ಇರುತ್ತವೆ, ಅದರಲ್ಲಿ ಒಂದೋ ಎರಡೋ ಮಾತ್ರ ಇಟ್ಟುಕೊಳ್ಳುವಂಥವು. ಆ ಒಂದನ್ನು ಆರಿಸುವ ಕೆಲಸ ಹೇಗೆ ಅಂತ ಇಲ್ಲಿ ಬರೆದಿದ್ದೇನೆ.

ಈ ಟೇಪುಗಳು ಉಳಿದದ್ದು ಹೇಗೆ

ಇದನ್ನು ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ಎಪ್ಪತ್ತರ ದಶಕದಲ್ಲಿ ಅಭಿಮಾನಿಗಳು ಯಂತ್ರವನ್ನು ಬಚ್ಚಿಟ್ಟುಕೊಂಡು ಹೋಗಿ ರೆಕಾರ್ಡ್ ಮಾಡುತ್ತಿದ್ದರು. ಬ್ಯಾಂಡು ಅವರನ್ನು ಅಟ್ಟಿ ಓಡಿಸಲಿಲ್ಲ. 1984ರ ಅಕ್ಟೋಬರಿನಲ್ಲಿ ಅವರಿಗಾಗಿಯೇ ಬೇರೆ ಟಿಕೆಟ್ಟು, ಬೇರೆ ಜಾಗ ಮಾಡಿಕೊಟ್ಟಿತು. ಸೌಂಡ್ ಬೋರ್ಡಿನ (ವೇದಿಕೆಯ ಮೈಕು, ವಾದ್ಯಗಳ ಧ್ವನಿ ಕೂಡಿಸುವ ಯಂತ್ರದ) ಹಿಂದೆ ಮೈಕುಗಳ ಒಂದು ಕಾಡೇ ಎದ್ದು ನಿಲ್ಲುತ್ತಿತ್ತು.

ಷರತ್ತು ಒಂದೇ. ಮಾರಬಾರದು. ಕೈಯಿಂದ ಕೈಗೆ ಕೊಡಬಹುದು, ಬದಲಾಯಿಸಿಕೊಳ್ಳಬಹುದು. ಟೇಪು ಬೇಕಾದವರು ಖಾಲಿ ಕ್ಯಾಸೆಟ್ಟನ್ನೂ ವಾಪಸ್ ಅಂಚೆ ಚೀಟಿಯನ್ನೂ ಒಂದು ಲಕೋಟೆಯಲ್ಲಿ ಹಾಕಿ ಕಳಿಸುತ್ತಿದ್ದರು. ಟೇಪು ಇದ್ದವರು ನಕಲು ತೆಗೆದು ಕಳಿಸುತ್ತಿದ್ದರು. 1974ರಲ್ಲಿ ನ್ಯೂಯಾರ್ಕಿನಲ್ಲಿ ಶುರುವಾದ 'ರೆಲಿಕ್ಸ್' ಪತ್ರಿಕೆ ಹುಟ್ಟಿದ್ದೇ ಇಂಥ ವಿನಿಮಯದ ಬಳಗದಿಂದ. ಆ ನಿಯಮ ಇವತ್ತಿಗೂ ಇದೆ. ಯಾರಾದರೂ ಇಂಥ ಟೇಪನ್ನು ದುಡ್ಡಿಗೆ ಮಾರುತ್ತಿದ್ದರೆ ಕೊಳ್ಳಬೇಡಿ. ಅದೇ ರಾತ್ರಿ ನಿಮಗೆ ಪುಕ್ಕಟೆಯಾಗಿ, ಬಹುಶಃ ಇನ್ನೂ ಚೆನ್ನಾಗಿರುವ ರೂಪದಲ್ಲಿ ಸಿಗುತ್ತದೆ.

ಮೊದಲು ತಾರೀಖು

ಇಲ್ಲಿ ಯಾರೂ ಆಲ್ಬಮ್ಮಿನ ಹೆಸರು ಹೇಳುವುದಿಲ್ಲ. ತಾರೀಖು ಹೇಳುತ್ತಾರೆ. ಹಾಗಾಗಿ ಹುಡುಕುವುದಕ್ಕೆ ಮುಂಚೆ ನಿಮಗೆ ಬೇಕಾದ ರಾತ್ರಿಯ ತಾರೀಖು, ಊರು, ಸಭಾಂಗಣ, ಮೂರನ್ನೂ ಬರೆದಿಟ್ಟುಕೊಳ್ಳಿ.

ನಮ್ಮ ಕಡೆಯವರು ಎಡವುವುದು ಇಲ್ಲಿಯೇ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ. ಕ್ಯಾಸೆಟ್ಟಿನ ಮೇಲೆ 5/8/77 ಅಂತ ಇದ್ದರೆ ನಾವು ಆಗಸ್ಟ್ 5 ಅಂದುಕೊಳ್ಳುತ್ತೇವೆ. ಅದು ಮೇ 8. ಒಂದಿಡೀ ಸಂಜೆ ಆಗಸ್ಟಿನಲ್ಲಿ ಹುಡುಕಿ ಏನೂ ಸಿಗದೆ ಕೂತಿದ್ದೇನೆ. ನಿಮ್ಮ ಪಟ್ಟಿಯಲ್ಲಿ ಯಾವಾಗಲೂ 1977-05-08 ಅಂತ ವರ್ಷ, ತಿಂಗಳು, ದಿನದ ಕ್ರಮದಲ್ಲೇ ಬರೆಯಿರಿ. ಸಂಗ್ರಹಗಳಲ್ಲೂ ಇದೇ ಕ್ರಮ ಇರುತ್ತದೆ. ಕಂಪ್ಯೂಟರಿನಲ್ಲಿ ಕಡತಗಳು ತಾವಾಗೇ ಸಾಲಾಗಿ ನಿಲ್ಲುತ್ತವೆ.

ಯಾವ ತಾರೀಖಿನಿಂದ ಶುರು ಮಾಡಬೇಕು ಅಂತ ಗೊತ್ತಿಲ್ಲದಿದ್ದರೆ ಕೀಬೋರ್ಡ್ ಯಾರು ನುಡಿಸುತ್ತಿದ್ದರು ಅನ್ನುವುದನ್ನು ಹಿಡಿದು ಹೋಗಿ. ಬ್ಯಾಂಡಿನ ಧ್ವನಿ ಬದಲಾದದ್ದು ಹೆಚ್ಚಾಗಿ ಆ ಕುರ್ಚಿಯಲ್ಲಿ ಕೂತವರು ಬದಲಾದಾಗ. ಆರಂಭದಲ್ಲಿ ಪಿಗ್‌ಪೆನ್ ಇದ್ದರು, ಬ್ಲೂಸ್ ಜಾಸ್ತಿ. 1971ರ ಕೊನೆಗೆ ಕೀತ್ ಗಾಡ್‌ಶೋ ಪಿಯಾನೋ ಜೊತೆ ಬಂದರು. 1973–74ರಲ್ಲಿ ಸಂಗೀತ ಜಾಝ್ ಕಡೆಗೆ ವಾಲಿತು. 1975ರಲ್ಲಿ ಬ್ಯಾಂಡು ಬರೀ 4 ಶೋ ಮಾಡಿತು. 1979ರಿಂದ 1990ರವರೆಗೆ ಬ್ರೆಂಟ್ ಮಿಡ್‌ಲ್ಯಾಂಡ್. ಎಲ್ಲರೂ 1977ರ ವಸಂತವನ್ನು ಹೊಗಳುತ್ತಾರೆ, ತಪ್ಪೇನಿಲ್ಲ. ಆದರೆ ನನ್ನನ್ನು ಕೇಳಿದರೆ 1973ರ ಟೇಪುಗಳಲ್ಲಿರುವ ಸಮಾಧಾನ, ಆ ಪಿಯಾನೋ ಮತ್ತು ಗಿಟಾರ್ ಒಂದನ್ನೊಂದು ಕೇಳಿಸಿಕೊಳ್ಳುವ ರೀತಿ, ಬೇರೆ ಯಾವ ವರ್ಷದಲ್ಲೂ ಸಿಗಲಿಲ್ಲ.

ಎಲ್ಲಿ ಹುಡುಕಬೇಕು

ದೊಡ್ಡ ಕಣಜ ಇಂಟರ್ನೆಟ್ ಆರ್ಕೈವ್ ಅನ್ನುವ ಜಾಲತಾಣ. ಅದರಲ್ಲಿ ಲೈವ್ ಮ್ಯೂಸಿಕ್ ಆರ್ಕೈವ್ ಅಂತ ಒಂದು ಭಾಗ ಇದೆ. 2002ರಲ್ಲಿ ಟೇಪು ಬದಲಾಯಿಸಿಕೊಳ್ಳುವ ಅಭಿಮಾನಿಗಳ ಜೊತೆ ಸೇರಿ ಅದನ್ನು ಶುರು ಮಾಡಿದರು. ಗ್ರೇಟ್‌ಫುಲ್ ಡೆಡ್ ಸಂಗ್ರಹಕ್ಕೆ ಹೋಗಿ, ವರ್ಷ ಆರಿಸಿ, ತಾರೀಖು ಆರಿಸಿ. ಫೋನಿನಲ್ಲಿ ಕೇಳುವವರಿಗೆ ರೀಲಿಸನ್ ಅನ್ನುವ ಉಚಿತ ಆ್ಯಪ್ ಇದೆ. ಇದೇ ಕಣಜದಿಂದ ಎತ್ತಿಕೊಂಡು, ಒಂದು ರಾತ್ರಿಯ ಎಲ್ಲ ಪ್ರತಿಗಳನ್ನೂ ಒಂದೇ ಕಡೆ ತೋರಿಸುತ್ತದೆ.

ಕೆಲವು ಪ್ರತಿಗಳಿಗೆ ಡೌನ್‌ಲೋಡ್ ಇದೆ, ಕೆಲವಕ್ಕೆ ಇಲ್ಲ. ಅದಕ್ಕೊಂದು ಕಾರಣವಿದೆ. 2005ರ ನವೆಂಬರಿನಲ್ಲಿ ಡೌನ್‌ಲೋಡ್ ಎಲ್ಲವನ್ನೂ ಒಮ್ಮೆಲೇ ನಿಲ್ಲಿಸಿದರು. ಅಭಿಮಾನಿಗಳು ದೊಡ್ಡ ಗಲಾಟೆ ಎಬ್ಬಿಸಿದರು. ಕೊನೆಗೆ ಒಂದು ಒಪ್ಪಂದ ಆಯಿತು. ಸಭಿಕರು ಮಾಡಿದ ಟೇಪುಗಳನ್ನು ಇಳಿಸಿಕೊಳ್ಳಬಹುದು. ಸೌಂಡ್ ಬೋರ್ಡಿನಿಂದ ಬಂದವನ್ನು ಅಲ್ಲೇ ಕೂತು ಕೇಳಬೇಕು. ಅದನ್ನು ಬೇರೆ ದಾರಿಯಿಂದ ಎಳೆದುಕೊಳ್ಳಲು ಹೋಗಬೇಡಿ. ಈ ಬಾಗಿಲು ತೆರೆದಿರುವುದೇ ಆ ಒಪ್ಪಂದದ ಮೇಲೆ.

ಬೋರ್ಡಿನದೋ, ಸಭೆಯದೋ

ಪ್ರತಿ ಟೇಪಿನ ಹೆಸರಿನಲ್ಲೂ ಮೂಲ ಯಾವುದು ಅಂತ ಬರೆದಿರುತ್ತದೆ. ಎಸ್‌ಬಿಡಿ ಅಂದರೆ ಸೌಂಡ್ ಬೋರ್ಡಿನಿಂದ ನೇರ ತೆಗೆದದ್ದು. ಎಯುಡಿ ಅಂದರೆ ಸಭೆಯಲ್ಲಿ ಮೈಕು ಇಟ್ಟು ತೆಗೆದದ್ದು. ಎಫ್‌ಎಂ ಅಂದರೆ ರೇಡಿಯೋ ಪ್ರಸಾರದಿಂದ ಹಿಡಿದದ್ದು. ಮ್ಯಾಟ್ರಿಕ್ಸ್ ಅಂದರೆ ಬೋರ್ಡು, ಸಭೆ ಎರಡನ್ನೂ ಕೂಡಿಸಿದ್ದು.

ಹೊಸಬರು ಕಣ್ಣು ಮುಚ್ಚಿ ಎಸ್‌ಬಿಡಿ ಆರಿಸುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಬೋರ್ಡಿನ ಟೇಪು ಸ್ವಚ್ಛ, ನಿಜ. ಆದರೆ ಅದು ಸಭಾಂಗಣದ ಸ್ಪೀಕರಿಗೆ ಏನು ಹೋಗಬೇಕೋ ಅಷ್ಟನ್ನೇ ಹಿಡಿಯುತ್ತದೆ. ಚಿಕ್ಕ ಹಾಲಿನಲ್ಲಿ ಗಿಟಾರಿನ ಆಂಪ್ಲಿಫೈಯರ್ ತಾನೇ ಜೋರಾಗಿ ಕೇಳುತ್ತಿರುತ್ತದೆ. ಅದನ್ನು ಬೋರ್ಡಿಗೆ ಜಾಸ್ತಿ ಕೊಡುವ ಅಗತ್ಯ ಇರುವುದಿಲ್ಲ. ಹಾಗಾಗಿ ಬೋರ್ಡಿನ ಟೇಪಿನಲ್ಲಿ ಹಾಡುವ ದನಿ ಕಿವಿಗೆ ಬಡಿಯುತ್ತದೆ, ಗಿಟಾರ್ ಎಲ್ಲೋ ಹಿಂದೆ ಉಳಿಯುತ್ತದೆ. ಸಭೆಯ ಉಸಿರೂ ಅಲ್ಲಿರುವುದಿಲ್ಲ. 1974ರಲ್ಲಿ 'ವಾಲ್ ಆಫ್ ಸೌಂಡ್' ಅನ್ನುವ ಭಾರೀ ಸ್ಪೀಕರ್ ಗೋಡೆಯನ್ನು ವಾದಕರ ಬೆನ್ನ ಹಿಂದೆಯೇ ನಿಲ್ಲಿಸಿದ್ದರು. ಸ್ಪೀಕರಿನ ಶಬ್ದ ಮತ್ತೆ ಮೈಕಿಗೆ ಹೊಕ್ಕು ಕೂಗದಂತೆ ಪ್ರತಿ ಗಾಯಕರಿಗೂ ಎರಡೆರಡು ಮೈಕು ಕೊಟ್ಟು, ಒಂದರ ಸಂಕೇತವನ್ನು ಇನ್ನೊಂದರಿಂದ ಕಳೆಯುತ್ತಿದ್ದರು. ಆ ವರ್ಷದ ಟೇಪುಗಳಲ್ಲಿ ಹಾಡಿನ ದನಿ ತೆಳ್ಳಗೆ ಕೇಳುವುದು ಇದರಿಂದ. ಟೇಪು ಕೆಟ್ಟಿದೆ ಅಂತ ಬಿಟ್ಟುಬಿಡಬೇಡಿ.

ಒಳ್ಳೆಯ ಎಯುಡಿ ಅಂದರೆ ಸಭೆಯ ಮಧ್ಯದಲ್ಲಿ, ವೇದಿಕೆಗೆ ಎದುರಾಗಿ, ಎರಡು ಒಳ್ಳೆಯ ಮೈಕು ಇಟ್ಟು ತೆಗೆದದ್ದು. ವಿವರದಲ್ಲಿ ನಾಕಾಮಿಚಿ ಅಥವಾ ಸೆನ್‌ಹೈಸರ್ ಮೈಕು, ಸೋನಿ ಕಂಪನಿಯ ಹೊತ್ತೊಯ್ಯುವ ಡೆಕ್ಕು ಅಂತ ಕಂಡರೆ ಕೇಳಿ ನೋಡಿ. ಅಂಥ ಟೇಪನ್ನು ಹೆಡ್‌ಫೋನಿನಲ್ಲಿ ಕೇಳಿದರೆ ಹಾಲಿನ ಎತ್ತರ, ಬೇಸ್ ನೆಲದಿಂದ ಬರುವುದು, ಹಾಡು ಗುರುತು ಸಿಕ್ಕ ಕ್ಷಣಕ್ಕೆ ಜನ ಕೂಗುವುದು ಎಲ್ಲ ಇರುತ್ತದೆ. ಡೌನ್‌ಲೋಡ್ ಆಗುವುದೂ ಇವೇ ಅಲ್ವಾ!

ಟೇಪಿನ ವಂಶಾವಳಿ ಓದುವುದು

ಇಡೀ ಹುಡುಕಾಟದಲ್ಲಿ ಇದಕ್ಕಿಂತ ಮುಖ್ಯವಾದ ಕೆಲಸ ಇಲ್ಲ. ಪ್ರತಿ ರೆಕಾರ್ಡಿಂಗ್ ಜೊತೆ ಒಂದು ಪುಟ್ಟ ಪಠ್ಯ ಕಡತ ಇರುತ್ತದೆ. ಅದರಲ್ಲಿ ಟೇಪು ಯಾರ ಕೈಯಿಂದ ಯಾವ ಯಂತ್ರಕ್ಕೆ ಹೋಯಿತು ಅಂತ ಬಾಣದ ಗುರುತು ಹಾಕಿ ಬರೆದಿರುತ್ತಾರೆ. ಇದನ್ನು ಲೀನಿಯೇಜ್ ಅನ್ನುತ್ತಾರೆ. ನಾನು ವಂಶಾವಳಿ ಅನ್ನುತ್ತೇನೆ.

ಉದಾಹರಣೆಗೆ: ಮಾಸ್ಟರ್ (ಮೂಲ) ರೀಲು, ಅದರಿಂದ ಡ್ಯಾಟ್ ಅನ್ನುವ ಡಿಜಿಟಲ್ ಟೇಪು, ಅದರಿಂದ ಕಂಪ್ಯೂಟರ್, ಅದರಿಂದ ಫ್ಲ್ಯಾಕ್ ಅನ್ನುವ ಧ್ವನಿ ಕಡತ. ಇದು ಉತ್ತಮ ವಂಶ. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಒಮ್ಮೆ ಮಾತ್ರ ಹೋಗಿ ಬಂದದ್ದಾದರೂ ಪರವಾಗಿಲ್ಲ. ಅನಲಾಗ್ ನಕಲು ಪ್ರತಿ ಸಲವೂ ಹೊಸದಾಗಿ ಸುಯ್ ಶಬ್ದ ಸೇರಿಸುತ್ತದೆ, ಮೇಲಿನ ಸ್ವರಗಳ ಹೊಳಪನ್ನು ಕಳೆಯುತ್ತದೆ. ನಾಲ್ಕನೇ ಐದನೇ ತಲೆಮಾರಿಗೆ ಬರುವಷ್ಟರಲ್ಲಿ ಸಿಂಬಲಿನ ಸದ್ದು ಮರಳು ಸುರಿದ ಹಾಗೆ ಆಗಿರುತ್ತದೆ. ಡ್ಯಾಟ್ ಬಂದ ಮೇಲೆ ಈ ಸವೆತ ನಿಂತಿತು, ಯಾಕೆಂದರೆ ಅದು ಡಿಜಿಟಲ್.

ಡಾಲ್ಬಿ, ಅಂದರೆ ಕ್ಯಾಸೆಟ್ಟಿನ ಸುಯ್ ಶಬ್ದ ಇಳಿಸುವ ವ್ಯವಸ್ಥೆ, ಅದರ ಬಗ್ಗೆ ಒಂದು ಮಾತು. ಕ್ಯಾಸೆಟ್ಟನ್ನು ಡಾಲ್ಬಿ ಹಾಕದೆ ರೆಕಾರ್ಡ್ ಮಾಡಿ, ಆಮೇಲೆ ಡಾಲ್ಬಿ ಹಾಕಿ ನುಡಿಸಿ ನಕಲು ತೆಗೆದಿದ್ದರೆ, ಧ್ವನಿ ಕಂಬಳಿ ಹೊದ್ದ ಹಾಗೆ ಮಂಕಾಗಿರುತ್ತದೆ. ವಂಶಾವಳಿಯಲ್ಲಿ ಇದನ್ನೂ ಬರೆದಿರುತ್ತಾರೆ. ಏನೂ ಬರೆಯದ, 'ಮೂಲ ಗೊತ್ತಿಲ್ಲ' ಅಂತ ಇರುವ ಪ್ರತಿಯನ್ನು ಕೊನೆಗೆ ನೋಡಿ. ಬೇರೇನೂ ಇಲ್ಲದ ರಾತ್ರಿಗೆ ಮಾತ್ರ ಅದು.

ಹೆಸರಿನ ಬಾಲದಲ್ಲಿ ನಾಲ್ಕೈದು ಅಥವಾ ಆರು ಅಂಕಿಯ ಒಂದು ಸಂಖ್ಯೆ ಕಾಣುತ್ತದೆ. ಅದು ಅಭಿಮಾನಿಗಳ ದಾಖಲೆ ಪಟ್ಟಿಯಲ್ಲಿ ಆ ಪ್ರತಿಗೆ ಕೊಟ್ಟ ನಂಬರು. ಅದನ್ನು ಬರೆದಿಟ್ಟುಕೊಳ್ಳಿ. "ಆ ರಾತ್ರಿಯ ಟೇಪು ಇದೆಯಾ" ಅಂತ ಕೇಳುವುದಕ್ಕೂ, ನಂಬರು ಹೇಳಿ ಕೇಳುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಕಿವಿಯಿಂದ ಪರೀಕ್ಷೆ

ಮೊದಲ ಹಾಡನ್ನು ಕೇಳಿ ತೀರ್ಮಾನ ಮಾಡಬೇಡಿ. ಸೌಂಡ್ ಎಂಜಿನಿಯರು ಆಗಿನ್ನೂ ಮಟ್ಟ ಸರಿ ಮಾಡುತ್ತಿರುತ್ತಾರೆ. ಸಭೆಯಲ್ಲಿ ಟೇಪು ಮಾಡುವವರೂ ಅಷ್ಟೇ. ಮೂರನೇ ನಾಲ್ಕನೇ ಹಾಡಿಗೆ ಹೋಗಿ. ಆಮೇಲೆ ಎರಡನೇ ಸೆಟ್ಟಿನ (ವಿರಾಮದ ನಂತರದ ಭಾಗದ) ಮಧ್ಯದ ನಿಧಾನವಾದ, ಮೆತ್ತನೆಯ ಜಾಗ ಹುಡುಕಿ. ಸುಯ್ ಶಬ್ದ, ಪಕ್ಕದವರ ಮಾತು ಎಲ್ಲ ಅಲ್ಲಿ ಬಯಲಾಗುತ್ತವೆ.

90 ನಿಮಿಷದ ಕ್ಯಾಸೆಟ್ಟಿನ ಒಂದು ಬದಿ 45 ನಿಮಿಷ. ಹಾಗಾಗಿ ಸುಮಾರು 45ನೇ ನಿಮಿಷದ ಹತ್ತಿರ ಬದಿ ತಿರುಗಿಸಿದ ಜಾಗ ಇರುತ್ತದೆ. ಒಂದು ದೊಡ್ಡ ಆಲಾಪದಂಥ ನುಡಿಸಾಣಿಕೆಯ ನಡುವೆ ಅದು ಕತ್ತರಿಸಿ ಹೋಗಿದ್ದರೆ ಹೊಟ್ಟೆ ಉರಿಯುತ್ತದೆ. ಒಳ್ಳೆಯ ಪ್ರತಿಗಳಲ್ಲಿ ಆ ತೂತನ್ನು ಬೇರೆ ಟೇಪಿನ ತುಂಡಿನಿಂದ ತೇಪೆ ಹಾಕಿರುತ್ತಾರೆ. ಯಾವ ಹಾಡಿನ ಎಷ್ಟನೇ ನಿಮಿಷದಲ್ಲಿ ತೇಪೆ ಇದೆ ಅಂತ ಪಠ್ಯ ಕಡತದಲ್ಲಿ ಬರೆದಿರುತ್ತಾರೆ.

ಕೊನೆಗೆ ಶ್ರುತಿ. ಹಳೇ ಡೆಕ್ಕುಗಳು ಬ್ಯಾಟರಿ ಇಳಿದಾಗ ನಿಧಾನ ಓಡುತ್ತಿದ್ದವು. ನಿಧಾನವಾಗಿ ರೆಕಾರ್ಡ್ ಆದದ್ದನ್ನು ಸರಿ ವೇಗದಲ್ಲಿ ನುಡಿಸಿದರೆ ಶ್ರುತಿ ಏರುತ್ತದೆ. ವೇಗ ನೂರಕ್ಕೆ 6ರಷ್ಟು ತಪ್ಪಿದರೆ ಶ್ರುತಿ ಅರ್ಧ ಸ್ವರ ಬದಲಾಗುತ್ತದೆ. ನೂರಕ್ಕೆ 3 ತಪ್ಪಿದರೂ ಅಭ್ಯಾಸ ಇದ್ದ ಕಿವಿಗೆ ಗೊತ್ತಾಗುತ್ತದೆ, 10 ನಿಮಿಷದ ಹಾಡು ಸುಮಾರು 17 ಸೆಕೆಂಡು ಕಡಿಮೆಯಾಗುತ್ತದೆ. ಫೋನಿನ ಟ್ಯೂನರ್ ಆ್ಯಪ್ ತೆಗೆದು ಪಿಯಾನೋ ಒಂಟಿಯಾಗಿ ಕೇಳುವ ಜಾಗದಲ್ಲಿ ಹಿಡಿಯಿರಿ. ತಪ್ಪಿದ್ದರೆ ಅಡಾಸಿಟಿ ಅನ್ನುವ ಉಚಿತ ತಂತ್ರಾಂಶದಲ್ಲಿ ವೇಗ ಸರಿಪಡಿಸಬಹುದು. ಆದರೆ ಅದು ನಿಮ್ಮ ಮನೆಯ ಪ್ರತಿಗೆ ಮಾತ್ರ. ಮೂಲ ಕಡತವನ್ನು ಮುಟ್ಟದೆ ಹಾಗೇ ಇಡಿ.

ಇಳಿಸಿಕೊಂಡ ಮೇಲೆ

ಎಂಪಿ3 ಬೇಡ, ಫ್ಲ್ಯಾಕ್ ತೆಗೆದುಕೊಳ್ಳಿ. ಮೂರು ಗಂಟೆಯ ಶೋಗೆ ಸುಮಾರು 1 ಜಿಬಿ ಬೇಕು. ಫ್ಲ್ಯಾಕ್‌ನಲ್ಲಿ ಧ್ವನಿ ಸ್ವಲ್ಪವೂ ಕಳೆಯುವುದಿಲ್ಲ. ಹಳೇ ಪ್ರತಿಗಳು ಶಾರ್ಟನ್ ಅನ್ನುವ ರೂಪದಲ್ಲಿ ಇರಬಹುದು. ಅದೂ ಏನನ್ನೂ ಕಳೆಯದ ರೂಪವೇ. ಅದನ್ನು ಫ್ಲ್ಯಾಕ್‌ಗೆ ಬದಲಾಯಿಸಿಕೊಳ್ಳಬಹುದು.

ಜೊತೆಗೆ ಎಂಡಿ5 ಅಥವಾ ಎಫ್‌ಎಫ್‌ಪಿ ಅನ್ನುವ ಸಣ್ಣ ಕಡತ ಇರುತ್ತದೆ. ಅದು ಹಾಡುಗಳ ಬೆರಳಚ್ಚು. ಟ್ರೇಡರ್ಸ್ ಲಿಟ್ಲ್ ಹೆಲ್ಪರ್ ಅನ್ನುವ ಉಚಿತ ಸಾಧನದಲ್ಲಿ ಅದನ್ನು ಹಾಕಿದರೆ, ನಿಮ್ಮ ಕಡತಗಳು ಮೂಲದಂತೆಯೇ ಇವೆಯೋ ಇಲ್ಲವೋ ಹೇಳುತ್ತದೆ. ಒಂದು ಕಡತ ಹೊಂದದಿದ್ದರೂ ಅದನ್ನು ಮತ್ತೆ ಇಳಿಸಿಕೊಳ್ಳಿ.

ಬೇರೆ ಕಡೆಯಿಂದ ಬಂದ ಫ್ಲ್ಯಾಕ್ ಆದರೆ ಒಂದು ಮೋಸ ಇರಬಹುದು. ಯಾರೋ ಎಂಪಿ3ಯನ್ನೇ ಫ್ಲ್ಯಾಕ್ ಮಾಡಿ ಬಿಟ್ಟಿರುತ್ತಾರೆ. ಅಡಾಸಿಟಿಯಲ್ಲಿ ಸ್ಪೆಕ್ಟ್ರೋಗ್ರಾಮ್, ಅಂದರೆ ಯಾವ ಎತ್ತರದ ಸದ್ದು ಎಷ್ಟಿದೆ ಅಂತ ತೋರಿಸುವ ಚಿತ್ರ ನೋಡಿ. 16 ಕಿಲೋಹರ್ಟ್ಸ್ ಹತ್ತಿರ ಚಾಕುವಿನಿಂದ ಕತ್ತರಿಸಿದ ಹಾಗೆ ಮೇಲೆಲ್ಲ ಖಾಲಿ ಇದ್ದರೆ ಅನುಮಾನ ಪಡಿ. ಅವಸರ ಮಾತ್ರ ಬೇಡ. ಎಫ್‌ಎಂ ರೇಡಿಯೋ ತಾನೇ 15 ಕಿಲೋಹರ್ಟ್ಸಿಗೆ ನಿಲ್ಲುತ್ತದೆ. 32 ಕಿಲೋಹರ್ಟ್ಸ್ ವೇಗದಲ್ಲಿ ಮಾಡಿದ ಡ್ಯಾಟ್ 16ಕ್ಕೆ ನಿಲ್ಲುತ್ತದೆ. ಅದಕ್ಕೇ ಚಿತ್ರವನ್ನೂ ವಂಶಾವಳಿಯನ್ನೂ ಒಟ್ಟಿಗೆ ಓದಬೇಕು.

ಕಡತದ ಹೆಸರು ಬದಲಾಯಿಸಬೇಡಿ. ಪಠ್ಯ ಕಡತವನ್ನು ಅಳಿಸಬೇಡಿ. ಎರಡು ಡಿಸ್ಕಿನಲ್ಲಿ ಇಡಿ. ನನ್ನ ಒಂದು ಡಿಸ್ಕು ಕೆಟ್ಟು 1973ರ ಅರ್ಧ ಸಂಗ್ರಹ ಹೋಯಿತು. ನಂಬರುಗಳನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದರಿಂದ ಎಲ್ಲವನ್ನೂ ವಾಪಸ್ ತರಲು ಆಯಿತು.

ಸಿಗದೇ ಹೋದರೆ

ಮೊದಲು ಅಧಿಕೃತ ಬಿಡುಗಡೆ ಇದೆಯಾ ನೋಡಿ. ಬ್ಯಾಂಡಿನ ಭಂಡಾರ ನೋಡಿಕೊಳ್ಳುತ್ತಿದ್ದ ಡಿಕ್ ಲಟ್ವಾಲಾ ಹೆಸರಿನ 'ಡಿಕ್ಸ್ ಪಿಕ್ಸ್' ಸರಣಿ 1993ರಲ್ಲಿ ಶುರುವಾಗಿ 36 ಸಂಪುಟ ಬಂತು. ಅವರೂ ಮೊದಲು ಟೇಪು ಕೂಡಿಸುತ್ತಿದ್ದ ಅಭಿಮಾನಿಯೇ. 2012ರಿಂದ ಡೇವಿಡ್ ಲೆಮ್ಯೂ 'ಡೇವ್ಸ್ ಪಿಕ್ಸ್' ತರುತ್ತಿದ್ದಾರೆ. 1972ರ ಯುರೋಪ್ ಪ್ರವಾಸದ 22 ಶೋಗಳೂ 2011ರಲ್ಲಿ 73 ಸಿಡಿಗಳಾಗಿ ಬಂದವು. ಇವನ್ನು ದುಡ್ಡು ಕೊಟ್ಟು ಕೊಳ್ಳಿ. ಇವು ವಿನಿಮಯಕ್ಕಲ್ಲ.

ಆಮೇಲೆ ತಾರೀಖೇ ತಪ್ಪಿದೆಯಾ ನೋಡಿ. ಅರವತ್ತರ ದಶಕದ ಟೇಪುಗಳಲ್ಲಿ ಇದು ಜಾಸ್ತಿ. ಪೆಟ್ಟಿಗೆಯ ಮೇಲೆ ಯಾರೋ ಅಂದಾಜಿನ ಮೇಲೆ ಬರೆದ ತಾರೀಖು ಹತ್ತಾರು ನಕಲುಗಳಿಗೆ ದಾಟಿರುತ್ತದೆ. ಆ ರಾತ್ರಿ ನುಡಿಸಿದ ಹಾಡುಗಳ ಪಟ್ಟಿಗೆ ಹೋಲಿಸಿ. ಹಳೇ ಅಭಿಮಾನಿಗಳು ಇದಕ್ಕೆ 'ಡೆಡ್‌ಬೇಸ್' ಅನ್ನುವ ದಪ್ಪ ಪುಸ್ತಕ ಬಳಸುತ್ತಿದ್ದರು. ಎಷ್ಟೋ ದಿನದ ನಂತರ ಬರೆದ ಹಾಡು ಹಳೇ ತಾರೀಖಿನ ಟೇಪಿನಲ್ಲಿ ಇದ್ದರೆ ತಾರೀಖು ಸುಳ್ಳು, ಅಷ್ಟೇ.

ಇನ್ನು ಕಾಯುವುದು. ಇದು ಸುಮ್ನೆ ಹೇಳುವ ಮಾತಲ್ಲ. ಬೆಟ್ಟಿ ಕ್ಯಾಂಟರ್-ಜಾಕ್ಸನ್ ಅನ್ನುವ ಎಂಜಿನಿಯರ್ ಎಪ್ಪತ್ತರ ದಶಕದಲ್ಲಿ ಈ ಬ್ಯಾಂಡಿನ ಅತ್ಯುತ್ತಮ ರೀಲುಗಳನ್ನು ಮಾಡಿದರು. ಆಮೇಲೆ ಅವರಿಗೆ ಕಷ್ಟ ಬಂತು. ರೀಲುಗಳನ್ನು ಇಟ್ಟಿದ್ದ ಗೋದಾಮಿನ ಬಾಡಿಗೆ ಕಟ್ಟಲಾಗಲಿಲ್ಲ. 1986ರಲ್ಲಿ ಅವು ಹರಾಜಾದವು. ಕೊಂಡವರಿಂದ ನಕಲುಗಳು ಹೊರಬಂದವು. ಅಷ್ಟು ದಿನ ಮಂಕು ಕ್ಯಾಸೆಟ್ಟು ಕೇಳುತ್ತಿದ್ದವರಿಗೆ ಬ್ಯಾಂಡು ಪಕ್ಕದಲ್ಲೇ ಕೂತು ನುಡಿಸಿದ ಹಾಗೆ ಕೇಳಿಸಿತು. 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲಿನಲ್ಲಿ ನಡೆದ ಶೋ ಬೆಟ್ಟಿಯವರದೇ ರೆಕಾರ್ಡಿಂಗ್. ಅಮೆರಿಕದ ರಾಷ್ಟ್ರೀಯ ಧ್ವನಿಮುದ್ರಣ ನೋಂದಣಿಯ 2011ರ ಪಟ್ಟಿಗೆ ಅದು ಸೇರಿತು. ಅಧಿಕೃತ ಸಿಡಿಯಾಗಿ ಬಂದದ್ದು 2017ರ ಮೇ ತಿಂಗಳಲ್ಲಿ, ಶೋ ಮುಗಿದ 40 ವರ್ಷಕ್ಕೆ.

ಹಾಗಾಗಿ ನಿಮ್ಮ ಪಟ್ಟಿಯಲ್ಲಿ ಸಿಗದ ತಾರೀಖುಗಳನ್ನು ಅಳಿಸಬೇಡಿ. ಆರು ತಿಂಗಳಿಗೊಮ್ಮೆ ಮತ್ತೆ ನೋಡಿ. ಸಿಕ್ಕ ತಾರೀಖಿಗೂ ಹೊಸ, ಇನ್ನೂ ಕಡಿಮೆ ತಲೆಮಾರಿನ ಪ್ರತಿ ಬಂದಿರಬಹುದು. ಟೇಪು ಇರುವ ಹಿರಿಯರನ್ನು ಕೇಳುವಾಗ ಮೊದಲು ನಿಮ್ಮಲ್ಲಿ ಏನಿದೆ ಅಂತ ಹೇಳಿ, ಆಮೇಲೆ ಬೇಕಾದದ್ದನ್ನು ಕೇಳಿ.

ನಮ್ಮ ಕಡೆಯ ಕಿವಿಗೆ ಹತ್ತಿರವಾದ ಒಂದು ಅಡ್ಡದಾರಿಯೂ ಇದೆ. ಡ್ರಮ್ ವಾದಕ ಮಿಕ್ಕಿ ಹಾರ್ಟ್ ಮತ್ತು ತಬಲಾ ವಾದಕ ಝಾಕಿರ್ ಹುಸೇನ್ ಸೇರಿ ದಿಗಾ ರಿದಮ್ ಬ್ಯಾಂಡ್ ಅನ್ನುವ ತಂಡದಲ್ಲಿ ನುಡಿಸಿ, 1976ರಲ್ಲಿ ಒಂದು ಆಲ್ಬಮ್ ತಂದರು. ಮುಂದೆ 1991ರ 'ಪ್ಲಾನೆಟ್ ಡ್ರಮ್'ನಲ್ಲಿ ವಿಕ್ಕು ವಿನಾಯಕರಾಂ ಅವರ ಘಟ ಇದೆ. ಡೆಡ್ ಟೇಪುಗಳ ಎರಡನೇ ಸೆಟ್ಟಿನಲ್ಲಿ ಡ್ರಮ್ಮಿನವರಿಬ್ಬರೇ ಉಳಿಯುವ ಭಾಗ ಬಂದಾಗ ಮುಂದಕ್ಕೆ ಓಡಿಸಬೇಡಿ. ತನಿ ಆವರ್ತನ ಕೇಳಿ ಬೆಳೆದವರಿಗೆ ಅಲ್ಲಿ ತುಂಬಾ ಸಿಗುತ್ತದೆ.

ಇವತ್ತು ರಾತ್ರಿಯೇ ಶುರು ಮಾಡುವುದಾದರೆ ಮೂರು ತಾರೀಖು ಬರೆದುಕೊಳ್ಳಿ. 1970-05-02, ಬಿಂಗ್ಹ್ಯಾಮ್ಟನ್ ನಗರದ ಹಾರ್ಪರ್ ಕಾಲೇಜು. 1972-08-27, ಆರೆಗಾನಿನ ವೆನೀಟಾ, ಒಂದು ಹಾಲಿನ ಡೇರಿಯ ಸಹಾಯಕ್ಕೆ ಬಿಸಿಲಿನಲ್ಲಿ ನಡೆದ ಶೋ. 1977-05-08, ಕಾರ್ನೆಲ್. ಮೂರೂ ಅಧಿಕೃತವಾಗಿ ಬಂದಿವೆ. ಕಾರ್ನೆಲ್ ಶೋನ ಬೋರ್ಡಿನ ಪ್ರತಿಯನ್ನೂ ಸಭೆಯ ಪ್ರತಿಯನ್ನೂ ಪಕ್ಕಪಕ್ಕ ಇಟ್ಟು, ಎರಡನೇ ಸೆಟ್ಟಿನ ಮೊದಲ ಅರ್ಧ ಗಂಟೆಯನ್ನು ಎರಡೂ ಸಲ ಕೇಳಿ. ಹಾಲಿನ ಹೊರಗೆ ಅವತ್ತು ಮೇ ತಿಂಗಳಲ್ಲೂ ಹಿಮ ಬೀಳುತ್ತಿತ್ತು.